ಹದಿಮೂರು ಬೂದು ಚೀಲಗಳು

"ಫೋಟೋ ತೆಗೆದಿಲ್ಲ ಅಂತ ಹುಡುಗಿ ಹೇಳಿ ಆಯ್ತಲ್ಲ. ಮತ್ತೆಂತ ಬೇಕು ನಿಮಗೆ?"

ಅಶ್ರಫಾಕ ಚಹಾದ ಲೋಟವನ್ನು ನನ್ನ ಕಡೆಗೆ ತಳ್ಳಿದ ರಭಸಕ್ಕೆ ನಾಲ್ಕು ಹನಿ ಮೇಜಿನ ಮೇಲೆ ಚೆಲ್ಲಿತು. ಕೂಡಲೇ ನನ್ನ ಕಡತವನ್ನು ಎತ್ತಿ ಹಿಡಿದು, ತಮ್ಮ ಕರವಸ್ತ್ರದಿಂದಲೇ ಒರೆಸಿದರು. ದೋಹಾದ ಬಿನ್ ಮಹಮೂದ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೇಷನರಿ ಅಂಗಡಿ ನಡೆಸುತ್ತಿರುವ ಮನುಷ್ಯ. ಎಷ್ಟೇ ಸಿಟ್ಟಿದ್ದರೂ ಕಾಗದದ ಹತ್ತಿರ ನೀರು ಬಿಡುವವರಲ್ಲ.

"ನಲವತ್ತೈದು ನಿಮಿಷ ಬೇಕು ಅಶ್ರಫಾಕ. ಸಂಜೆ ಐದೂವರೆಯಿಂದ ಆರೂಕಾಲು. ಅಷ್ಟು ಹೊತ್ತು ಇವಳು ಎಲ್ಲಿದ್ದಳು ಅಂತ ಗೊತ್ತಾದ್ರೆ ನಾನು ಎದ್ದು ಹೋಗ್ತೇನೆ."

ಅವರ ಮಗಳು ಅಫ್ರಾ ಸೋಫಾದ ತುದಿಯಲ್ಲಿ ಕುಳಿತು, ಕೈಯಲ್ಲಿದ್ದ ಪೆನ್ಸಿಲಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ. ಬೇರೆ ಏನು ಕೇಳಿದರೂ ಉತ್ತರ ಬರುತ್ತದೆ. ಆ ಮುಕ್ಕಾಲು ಗಂಟೆಯ ಮಾತು ಬಂದ ಕೂಡಲೇ ಬಾಯಿ ಮುಚ್ಚುತ್ತಾಳೆ.

ಟೋಕಿಯೋದ ಅಮಾಗುಮೊ ಸ್ಟುಡಿಯೋದಲ್ಲಿ ಇನ್ನೂ ಬಿಡುಗಡೆಯಾಗದ ಗೇಮಿನ ಚಿತ್ರವೊಂದನ್ನು ಯಾರೋ ಕದ್ದು ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ್ದರು. ರಂಜಾನಿನ ತಿಂಗಳಲ್ಲಿ ಅಧ್ಯಯನ ಪ್ರವಾಸಕ್ಕೆ ಹೋಗಿದ್ದ ದೋಹಾದ ಹನ್ನೆರಡು ವಿದ್ಯಾರ್ಥಿಗಳ ಪೈಕಿ ಎಲ್ಲರ ಬೆರಳೂ ಅಫ್ರಾಳ ಕಡೆಗೇ ತಿರುಗಿತ್ತು.

ಲಾಟೀನಿನ ಗಾಜಿನೊಳಗೆ ಮೀನು ಸಾಕಿಕೊಂಡ ಒಬ್ಬ ಮುದುಕಿಯ ಚಿತ್ರ ಅದು. ಮೂರನೆಯ ಮಹಡಿಯ ಕಲಾವಿದೆಯೊಬ್ಬಳು ಮೇಜಿನ ಮೇಲೆ ಅದನ್ನು ಬಿಟ್ಟು ಎದ್ದದ್ದು ಐದೂವರೆಗೆ; ಬಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದು ಆರೂಕಾಲಿಗೆ. ಚಿತ್ರ ಬರೆಯುವ ಕೋಣೆಗಳಲ್ಲಿ ಅವರು ಸಿಸಿಟಿವಿ ಕ್ಯಾಮೆರಾ ಇಡುವುದಿಲ್ಲ. ತಮ್ಮ ಸಿಬ್ಬಂದಿಯ ಲೆಕ್ಕವನ್ನು ಸ್ಟುಡಿಯೋ ಆಗಲೇ ನೋಡಿ ಮುಗಿಸಿತ್ತು. ಆ ಹೊತ್ತಿನಲ್ಲಿ ಒಂಬತ್ತು ವಿದ್ಯಾರ್ಥಿಗಳು ಮಾರ್ಗದರ್ಶಿಯ ಜೊತೆ ಧ್ವನಿಮುದ್ರಣದ ಕೋಣೆಯಲ್ಲಿದ್ದರು. ಉಪವಾಸವಿದ್ದ ಇಬ್ಬರು, ಅಮೀನ್ ಮತ್ತು ಫಾಹಿಮಾ, ತಮ್ಮ ಮೇಷ್ಟ್ರು ಸಲಾಂ ಸರ್ ಜೊತೆ ಕೆಳಗಿನ ಊಟದ ಕೋಣೆಯಲ್ಲಿ ಇಫ್ತಾರ್ ಮಾಡುತ್ತಿದ್ದರು.

ಉಳಿದವಳು ಒಬ್ಬಳೇ.

ಅದೇ ಸ್ಟುಡಿಯೋದಲ್ಲಿ ಒಂದು ವರ್ಷದ ತರಬೇತಿಗೆ ಹನ್ನೆರಡು ಮಂದಿಯಲ್ಲಿ ಆಯ್ಕೆಯಾದವಳೂ ಅವಳೊಬ್ಬಳೇ. ನಾಳೆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಡಿಸೈನ್ ಇನ್‌ಸ್ಟಿಟ್ಯೂಟಿನ ಉಪಮುಖ್ಯಸ್ಥೆ ಜೂಲಿಯೆಟ್ ಮೇಡಂ ಟೋಕಿಯೋಗೆ ಪತ್ರ ಕಳಿಸುತ್ತಾರೆ. ಅದರಲ್ಲಿ ಅಫ್ರಾಳ ಹೆಸರು ಹೋದರೆ ತರಬೇತಿಯೂ ಹೋಯಿತು, ಓದೂ ಹೋಯಿತು. ನಾನು ಲುಸೈಲಿನ ವಿಮಾ ಕಚೇರಿಯೊಂದರಲ್ಲಿ ಕ್ಲೇಮುಗಳ ಸತ್ಯಾಸತ್ಯ ನೋಡುವವಳು. ಊರಿನಲ್ಲಿ ಜೂಲಿಯೆಟ್ ಮೇಡಂ ನಮ್ಮ ನೆರೆಮನೆಯವರು. "ನಿಶ್ಮಿತಾ, ಎರಡು ದಿನ ಕೊಡ್ತೇನೆ, ನೀನೊಮ್ಮೆ ನೋಡು" ಎಂದಿದ್ದರು. ಒಂದು ದಿನ ಮುಗಿದಿತ್ತು.

"ಅಕ್ಕಾ, ಬನ್ಸ್ ತಗೊಳ್ಳಿ. ಬಿಸಿ ಉಂಟು."

ಫಾಹಿಮಾ ತಟ್ಟೆ ತಂದಿಟ್ಟು ಅಫ್ರಾಳ ಪಕ್ಕ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಮೂರನೆಯ ತರಗತಿಯಿಂದ ಜೊತೆಯಾಗಿ ಓದಿದವರು. ಈ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆಯೆಂದು ಅಶ್ರಫಾಕನಿಗಿಂತ ಅವಳಿಗೆ ಚೆನ್ನಾಗಿ ಗೊತ್ತು.

"ಇವಳು ಬೆಳಿಗ್ಗೆಯಿಂದ ಇಲ್ಲೇ ಇದ್ದಾಳೆ ಪಾಪ," ಎಂದರು ಅಶ್ರಫಾಕ. "ಇವಳಿಗೂ ಸಿಗ್ಬೇಕಿತ್ತು ಆ ಟ್ರೈನಿಂಗ್. ಒಂದೇ ಸೀಟು ಅಂತೆ. ಇವಳದ್ದು ಎರಡನೇ ಹೆಸರು."

"ಅಂಕಲ್, ಅದೆಲ್ಲ ಈಗ ಯಾಕೆ?" ಫಾಹಿಮಾ ನನ್ನ ಕಡೆ ತಿರುಗಿದಳು. "ನಾನು ಎಷ್ಟು ಸಲ ಹೇಳ್ಬೇಕು ಅಕ್ಕಾ? ಸರ್, ಅಮೀನ್, ನಾನು ಮೂರೂ ಜನ ಕೆಳಗಿದ್ವಿ. ಬಾಂಗ್ ಆಯ್ತು, ಖರ್ಜೂರ ತಿಂದ್ವಿ, ಇಫ್ತಾರ್ ಬಾಕ್ಸ್ ಓಪನ್ ಮಾಡಿದ್ವಿ. ಬಸ್ ಬರುವವರೆಗೆ ನಾನು ಆ ರೂಮಿಂದ ಎದ್ದೇ ಇಲ್ಲ. ಅಫ್ರಾ ಬಾಕ್ಸ್ ಹಾಗೇ ಇತ್ತು, ಸೀಲ್ ಕೂಡ ತೆಗ್ದಿರ್ಲಿಲ್ಲ. ಆದ್ರೂ ನಾನು ಹೇಳ್ತೇನೆ, ಅವಳು ಅಂಥವಳಲ್ಲ."

ಬರೆದುಕೊಂಡೆ. ಗೆಳತಿಯ ಪರವಾಗಿ ಆಡಿದ ಮಾತು ಗೆಳತಿಯನ್ನೇ ಇನ್ನಷ್ಟು ಒಂಟಿ ಮಾಡಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲವೋ, ಗೊತ್ತಿದ್ದೇ ಹೇಳಿದಳೋ. ನನ್ನ ಕೆಲಸದಲ್ಲಿ ಇಂಥ ಅನುಮಾನ ದಿನಕ್ಕೆ ಹತ್ತು ಬರುತ್ತವೆ. ಒಂಬತ್ತು ಸುಳ್ಳಾಗಿರುತ್ತವೆ.

ಆದರೆ ಸೀಲ್ ತೆಗೆಯದ ಆ ಬಾಕ್ಸು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಬೆಳಗಿನ ಜಾವದಿಂದ ಒಂದು ತೊಟ್ಟು ನೀರಿಲ್ಲದೆ ನಾಲ್ಕು ಸ್ಟುಡಿಯೋ ಸುತ್ತಿದ ಹುಡುಗಿ. ಕದಿಯುವವಳೇ ಆಗಿರಲಿ, ಮೊದಲು ಒಂದು ಗುಟುಕು ನೀರು ಕುಡಿಯುತ್ತಾಳೆ. ಆಮೇಲೆ ಕದಿಯುತ್ತಾಳೆ.

"ಅಫ್ರಾ, ನಿನ್ನ ಚಿತ್ರಗಳನ್ನು ತೋರಿಸ್ತೀಯಾ? ಒಳಗೆ ಹೋಗುವ."

ಅವಳು ಎದ್ದಳು. ಫಾಹಿಮಾ ಕೂಡ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಫ್ರಾಳ ತಾಯಿ ಝಾಹಿದಕ್ಕ ನನ್ನ ಮುಖ ನೋಡಿದರು. "ಫಾಹಿ, ಇಲ್ಲಿ ಬಾ, ಈ ಗ್ಯಾಸ್ ಒಂಚೂರು ನೋಡು" ಎಂದು ಅವರೇ ಕರೆದರು.

*

ಅಫ್ರಾಳ ಕೋಣೆಯ ಗೋಡೆಯ ತುಂಬ ಕಾಗದ. ಕೈಗಳ ಚಿತ್ರಗಳೇ ಹೆಚ್ಚು: ಅಂಗಡಿಯಲ್ಲಿ ಚೀಟಿ ಹರಿಯುವ ಕೈ, ಬಸ್ಸಿನ ಕಂಬಿ ಹಿಡಿದ ಕೈ, ಹಿಟ್ಟು ನಾದುವ ಕೈ. ಪ್ರತಿಯೊಂದರ ಕೆಳಗೂ ತಾರೀಕು ಮತ್ತು ಗಂಟೆ.

"ಟೈಮ್ ಯಾಕೆ?"

"ಸಲಾಂ ಸರ್ ರೂಲ್. ಟೈಮ್ ಹಾಕದ ಸ್ಕೆಚ್ ನೋಡುದಿಲ್ಲ ಅವರು. ಬೆಳಕು ಯಾವ ಹೊತ್ತಿಂದು ಅಂತ ಗೊತ್ತಾಗ್ಬೇಕಂತೆ."

ಬಾಗಿಲು ಹಾಕಿದೆ. ಹಾಸಿಗೆಯ ಮೇಲೆ ಅವಳ ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತೆ. ಇಬ್ಬರೂ ಗೋಡೆಯನ್ನೇ ನೋಡುತ್ತಿದ್ದೆವು. ಎದುರು ಕುಳಿತರೆ ಜನ ಉತ್ತರ ಕೊಡುತ್ತಾರೆ. ಪಕ್ಕದಲ್ಲಿ ಕುಳಿತರೆ ಕೆಲವೊಮ್ಮೆ ಮಾತಾಡುತ್ತಾರೆ.

"ಅವತ್ತು ನೀನು ನೋಂಬು ಹಿಡಿದು ಉಪವಾಸ ಇರಲಿಲ್ಲ. ಅಲ್ವಾ?"

ಪೆನ್ಸಿಲು ನಿಂತಿತು.

ಕಿಟಕಿಯ ಏಸಿ ಒಮ್ಮೆ ನಡುಗಿ ಮತ್ತೆ ಓಡತೊಡಗಿತು. ಅಡುಗೆಮನೆಯಿಂದ ಫಾಹಿಮಾಳ ನಗು ಕೇಳಿಸಿ ಸುಮ್ಮನಾಯಿತು.

"ನಿಮಗೆ ಯಾರು ಹೇಳಿದ್ದು?" ಎಂದಳು ಕೊನೆಗೆ.

"ಬಾಕ್ಸ್ ಹೇಳಿತು."

ಅವಳಿಗೆ ಅರೆ ನಗು ಬಂತು. ಅದರ ಬೆನ್ನಿಗೇ ಅಳು.

"ಅವತ್ತು ಬೆಳಿಗ್ಗೆಯೇ ಡೇಟ್ ಆಯ್ತು ಅಕ್ಕ. ಮುಟ್ಟಾದ್ರೆ ನೋಂಬು ಹಿಡೀಲಿಕ್ಕಿಲ್ಲ. ಆದ್ರೆ ದಿನಾ ಬಸ್ಸಲ್ಲಿ ಸರ್ ಕೇಳ್ತಾರೆ, ಇವತ್ತು ಯಾರಿಗೆಲ್ಲ ಇಫ್ತಾರ್ ಬಾಕ್ಸ್, ಕೈ ಎತ್ತಿ ಅಂತ. ನಿನ್ನೆವರೆಗೆ ಎತ್ತಿದವಳು ಇವತ್ತು ಎತ್ತದಿದ್ರೆ ಇಡೀ ಬಸ್ಸಿಗೆ ಗೊತ್ತಾಗ್ತದಲ್ಲ, ಯಾಕೆ ಅಂತ. ಅಮೀನ್ ಇದ್ದ, ಸರ್ ಇದ್ರು. ನಾನು ಎತ್ತಿಬಿಟ್ಟೆ."

"ಸಂಜೆ?"

"ಹೊಟ್ಟೆನೋವು ತಡೀಲಿಕ್ಕೆ ಆಗ್ಲಿಲ್ಲ. ಎರಡನೇ ಮಾಳಿಗೆ ಬಾತ್‌ರೂಮಿನ ಹತ್ತಿರ ಒಂದು ಸಣ್ಣ ಕೋಣೆ ಉಂಟು, ಕ್ಲೀನ್ ಮಾಡುವವರದ್ದು. ಅಲ್ಲೊಬ್ಬರು ಅಜ್ಜಿ. ಭಾಷೆ ಬರುದಿಲ್ಲ, ನನಗೂ ಅವರಿಗೂ. ನನ್ನ ಮುಖ ನೋಡಿಯೇ ಗೊತ್ತಾಯ್ತು ಅವರಿಗೆ. ಹೊಟ್ಟೆಗೆ ಅಂಟಿಸುವ ಬಿಸಿ ಪಟ್ಟಿ ಕೊಟ್ರು, ಕೂರಿಸಿದ್ರು. ಬಸ್ಸಿಗೆ ಕರೆಯುವವರೆಗೆ ಅಲ್ಲೇ ಇದ್ದೆ. ಸುಮ್ನೆ ಕೂತು ಅವರ ಚಿತ್ರ ಬರ್ದೆ."

ದಿಂಬಿನ ಕೆಳಗಿಂದ ಒಂದು ಪುಸ್ತಕ ತೆಗೆದಳು. ಕಂದು ರಟ್ಟಿನ, ಸ್ಪೈರಲ್ ಹಾಕಿದ ಸ್ಕೆಚ್‌ಬುಕ್. ನಡುವಿನ ಪುಟದಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ವಯಸ್ಸಾದ ಹೆಂಗಸು, ಮಡಿಲಲ್ಲಿ ಕೈಗವಸು ಇಟ್ಟುಕೊಂಡು ನಗುತ್ತಿದ್ದಳು. ಕೆಳಗೆ ಅಫ್ರಾಳ ಅಕ್ಷರದಲ್ಲಿ ತಾರೀಕು. ಐದು ಮೂವತ್ತೆಂಟರಿಂದ ಆರು ಹತ್ತು. ಅದರ ಪಕ್ಕ ನಾಲ್ಕು ಜಪಾನಿ ಅಕ್ಷರಗಳು, ಬೇರೆಯೇ ಕೈಬರಹದಲ್ಲಿ.

"ಅವರ ಹೆಸರು. ನಾನು ಪೆನ್ಸಿಲ್ ಕೊಟ್ಟೆ, ಅವರೇ ಬರ್ದದ್ದು. ನನಗೆ ಓದ್ಲಿಕ್ಕೆ ಬರುದಿಲ್ಲ."

ಆ ನಾಲ್ಕು ಅಕ್ಷರ ಸಾಕಿತ್ತು. ಶುಚಿ ಮಾಡುವವರು ಹೊರಗಿನ ಕಂಪನಿಯವರು, ದಿನಕ್ಕೊಬ್ಬರು ಬರುತ್ತಾರೆಂದು ಸ್ಟುಡಿಯೋ ಮೊದಲೇ ತಿಳಿಸಿತ್ತು. ಹೆಸರಿದ್ದರೆ ಆ ಅಜ್ಜಿಯನ್ನು ಒಂದೇ ಬೆಳಗಿನಲ್ಲಿ ಹುಡುಕಿ ಕೇಳಬಹುದು.

"ಇದನ್ನು ಯಾಕೆ ತೋರಿಸಲಿಲ್ಲ ಮಾರಾಯ್ತಿ?"

"ತೋರಿಸಿದ್ರೆ ಅಲ್ಲಿ ಎಂತ ಮಾಡ್ತಿದ್ದೆ ಅಂತ ಹೇಳ್ಬೇಕಲ್ಲ. ಉಪ್ಪನಿಗೆ ಗೊತ್ತಾದ್ರೆ ಏನಿಲ್ಲ. ಆದ್ರೆ ನನ್ನ ಮಗಳು ಜಪಾನಲ್ಲಿ ಒಂದು ನೋಂಬು ಬಿಡ್ಲಿಲ್ಲ ಅಂತ ಅವರು ಎಲ್ಲರಿಗೂ ಹೇಳಿಯಾಗಿದೆ. ಮತ್ತೆ ಇದು ಲೆಟರಲ್ಲಿ ಬರೀಬೇಕು ಅಕ್ಕ. ಸಲಾಂ ಸರ್ ಓದ್ತಾರೆ. ಕಮಿಟಿಯಲ್ಲಿ ಐದು ಜನ ಗಂಡಸರು ಓದ್ತಾರೆ."

ಮೊಬೈಲ್ ತೆಗೆದು ಪುಟದ ಫೋಟೋ ಹಿಡಿಯಲು ಹೋದೆ. ಅವಳ ಕೈ ಅಡ್ಡ ಬಂತು. ಚಿತ್ರದ ಹಿಂಬದಿಯಲ್ಲಿ ಅವತ್ತಿನ ಸಂಕಟವನ್ನೆಲ್ಲ ಬರೆದುಕೊಂಡಿದ್ದಳು. ಅಕ್ಷರಗಳು ಈಚೆ ಕಾಣುತ್ತಿದ್ದವು.

"ಇವತ್ತು ಬೇಡ. ಒಂದು ರಾತ್ರಿ ಕೊಡಿ. ಉಮ್ಮನ ಹತ್ತಿರ ನಾನೇ ಹೇಳ್ತೇನೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬುಕ್ ನಿಮ್ಮ ಕೈಯಲ್ಲಿ."

ಕ್ಲೇಮ್ ತನಿಖೆಯ ಮೊದಲ ಪಾಠ: ಕಂಡದ್ದನ್ನು ಕಂಡಲ್ಲೇ ದಾಖಲಿಸು. ಎಂಟು ವರ್ಷದಲ್ಲಿ ಒಮ್ಮೆಯೂ ಅದನ್ನು ಮುರಿದವಳಲ್ಲ.

ಮೊಬೈಲನ್ನು ಬ್ಯಾಗಿಗೆ ಹಾಕಿದೆ.

*

ಓಲ್ಡ್ ಏರ್‌ಪೋರ್ಟಿನ ಇನ್‌ಸ್ಟಿಟ್ಯೂಟ್ ತಲುಪುವಾಗ ಬಿಸಿಲು ಇಳಿದಿತ್ತು. ಎರಡನೆಯ ಮಹಡಿಯಲ್ಲಿ ಸಲಾಂ ಸರ್ ಒಬ್ಬರೇ ಕುಳಿತು ಉತ್ತರಪತ್ರಿಕೆ ನೋಡುತ್ತಿದ್ದರು. ಉಪ್ಪಿನಂಗಡಿಯವರು. ನಲವತ್ತೈದರ ಆಸುಪಾಸು. ಕೈಬರಹದಷ್ಟೇ ಅಚ್ಚುಕಟ್ಟಾದ ಗಡ್ಡ.

"ಬನ್ನಿ ಮೇಡಂ. ಎಂತ ಪತ್ತೆಯಾಯ್ತು? ಅಶ್ರಫಾಕ ಬೈದ್ರಾ?"

"ಬನ್ಸ್ ಕೊಟ್ರು."

"ಹಾಗಾದ್ರೆ ಸಿಟ್ಟಿಲ್ಲ. ನನಗೆ ನೀರು ಕೂಡ ಕೊಡ್ಲಿಲ್ಲ ಹೋದ ವಾರ." ನಕ್ಕರು, ನಗು ಬೇಗ ಮುಗಿಯಿತು. "ಆ ಹುಡುಗಿ ಒಪ್ಪಿಕೊಂಡ್ರೆ ಒಳ್ಳೇದಿತ್ತು. ಕ್ಷಮೆ ಕೇಳಿದ್ರೆ ಜಪಾನಿನವರು ಬಿಟ್ಟುಬಿಡ್ತಾರೆ. ಖಲಾಸ್, ಅಲ್ಲಿಗೆ ಮುಗೀತದೆ."

"ಅವಳೇ ಅಂತ ನಿಮಗೆ ಅಷ್ಟು ಖಾತ್ರಿಯಾ?"

"ಬೇರೆ ಯಾರು ಹೇಳಿ? ಒಬ್ಬೊಬ್ಬರ ಲೆಕ್ಕವೂ ಉಂಟಲ್ಲ."

"ಅವಳ ಮೊಬೈಲ್ ರಿಸೆಪ್ಶನ್ನಿನಲ್ಲಿತ್ತು."

"ಎರಡನೇ ಮೊಬೈಲ್ ಇಟ್ಟುಕೊಂಡಿರ್ಬಹುದು. ಈ ಕಾಲದ ಮಕ್ಕಳು."

ಆ ಮಾತನ್ನು ಅವರು ಸ್ವಲ್ಪ ಬೇಗ ಹೇಳಿದರು. ಕೇಳುವ ಮೊದಲೇ ಸಿದ್ಧವಾಗಿದ್ದ ಹಾಗಿತ್ತು.

ಕಡತದಿಂದ ಸ್ಟುಡಿಯೋ ಕಳಿಸಿದ ಪಟ್ಟಿ ತೆಗೆದೆ. ಅಮಾಗುಮೊದ ಬಾಗಿಲಲ್ಲಿ ಬಂದವರ ಮೊಬೈಲುಗಳನ್ನೆಲ್ಲ ಒಂದೊಂದು ಬೂದು ಬಟ್ಟೆಯ ಚೀಲಕ್ಕೆ ಹಾಕಿ, ನಂಬರ್ ಕಟ್ಟಿ, ಸೀಲ್ ಮಾಡುತ್ತಾರೆ. ಹನ್ನೆರಡು ವಿದ್ಯಾರ್ಥಿಗಳು, ಒಬ್ಬರು ಮೇಷ್ಟ್ರು. ಹದಿಮೂರು ಚೀಲಗಳು. ಕೆಳಗೆ ಒಂದು ಸಾಲು: ಯಾರ ಬಳಿಯೂ ಬೇರೆ ಮೊಬೈಲ್ ಇಲ್ಲವೆಂದು ದೃಢೀಕರಿಸುತ್ತೇನೆ. ಅದರಡಿ ಸಲಾಂ ಸರ್ ಸಹಿ.

"ಇಫ್ತಾರ್ ಹೊತ್ತು ಇನ್ನೊಮ್ಮೆ ಹೇಳಿ ಸರ್."

"ಇನ್ನೊಮ್ಮೆಯಾ? ಕೆಳಗೆ ಊಟದ ಕೋಣೆಯಲ್ಲಿ ಒಂದು ಮೂಲೆ ಕೊಟ್ಟಿದ್ರು. ಐದೂವರೆಗೆ ಹೋಗಿ ಕೂತದ್ದು. ನಾನು, ಅಮೀನ್, ಫಾಹಿಮಾ. ಅಫ್ರಾ ಬರ್ಲಿಲ್ಲ, ಹುಡುಗಿ ಕೈ ತೊಳೀಲಿಕ್ಕೆ ಹೋಗಿರ್ಬೇಕು ಅಂದ್ಕೊಂಡೆ. ಬಾಂಗ್ ಆದ ಕೂಡಲೇ ನಾನು ಖರ್ಜೂರ ಹಂಚಿದೆ. ಆಮೇಲೆ ಅಮೀನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಮಾಜ್ ಮಾಡಿ…"

ಪಕ್ಕದ ಮಸೀದಿಯಿಂದ ಸಂಜೆಯ ನಮಾಜಿಗೆ ಕರೆಯುವ ಮಗ್ರಿಬಿನ ಬಾಂಗ್ ಎದ್ದಿತು.

ಸಲಾಂ ಸರ್ ಮಾತು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಅವರ ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು. ಒಂದು ಮಸೀದಿಯದ್ದು ಮುಗಿಯುವ ಮೊದಲು ಇನ್ನೊಂದರದ್ದು, ಅದರ ಹಿಂದೆ ದೂರದ ಮತ್ತೊಂದರದ್ದು. ಹತ್ತು ವರ್ಷದಲ್ಲಿ ನನ್ನ ಕಿವಿ ಆ ದನಿಗೆ ಎಷ್ಟು ಒಗ್ಗಿದೆಯೆಂದರೆ, ಮಾತು ನಿಲ್ಲಿಸಬೇಕಾಗಿ ಬಂದಾಗ ಮಾತ್ರ ಅದು ಗಮನಕ್ಕೆ ಬರುತ್ತದೆ. ಈ ಊರಿನಲ್ಲಿ ಗಾಳಿಗೆ ಗಡಿಯಾರ ಕಟ್ಟಿದ ಹಾಗೆ ಅದು ಇದ್ದೇ ಇರುತ್ತದೆ. ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಯಾರೂ ಕೇಳುವುದಿಲ್ಲ.

ನನ್ನ ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿದೆ. ಫಾಹಿಮಾಳ ಮಾತು ನನ್ನದೇ ಅಕ್ಷರದಲ್ಲಿತ್ತು: ಬಾಂಗ್ ಆಯ್ತು, ಖರ್ಜೂರ ತಿಂದ್ವಿ.

ದನಿ ಮುಗಿಯುವವರೆಗೆ ಕಾದೆ. ಸಲಾಂ ಸರ್ ಕೈಗಳಿಂದ ಮುಖ ಸವರಿಕೊಂಡು ಎದ್ದರು.

"ನಾನು ಮಸೀದಿಗೆ ಹೋಗ್ಬೇಕು ಮೇಡಂ. ಉಳಿದದ್ದು ನಾಳೆ ಮಾತಾಡುವನಾ?"

"ಒಂದೇ ಪ್ರಶ್ನೆ ಸರ್. ಅಮಾಗುಮೊದ ಹತ್ತಿರ ಮಸೀದಿ ಉಂಟಾ?"

"ಎಲ್ಲಿಂದ! ಹತ್ತಿರದ್ದು ಅಂದ್ರೆ ರೈಲಲ್ಲಿ ಒಂದು ಗಂಟೆ."

"ಮತ್ತೆ ಆ ಕೋಣೆಯಲ್ಲಿ ಬಾಂಗ್ ಎಲ್ಲಿಂದ ಬಂತು?"

"ಅದು ಮೊಬೈಲಲ್ಲಿ…" ಎಂದವರು ಅಲ್ಲಿಗೇ ನಿಂತರು.

ಕೆಳಗೆ ಗ್ರಾಸರಿಯ ಮುಂದೆ ಯಾರೋ ಶಟರ್ ಅರ್ಧಕ್ಕೆ ಎಳೆದ ಸದ್ದು.

ಪಟ್ಟಿಯನ್ನು ಅವರ ಕಡೆಗೆ ತಿರುಗಿಸಿ, ಅವರದೇ ಹೆಸರಿದ್ದ ಹದಿಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರು ಅದನ್ನು ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

"ಬಾಯಲ್ಲಿ ಬಂದ ಮಾತು ಅದು ಮೇಡಂ. ನಾವು ಹಾಗೇ ಹೇಳುದು. ಟೈಮ್ ಆಯ್ತು ಅಂತ ಅರ್ಥ. ಗೋಡೆ ಗಡಿಯಾರ ನೋಡಿ ನೋಂಬು ಬಿಟ್ಟದ್ದು."

"ಈಗಷ್ಟೇ ಮೊಬೈಲಲ್ಲಿ ಅಂದ್ರಿ."

ಅವರು ನಿಂತಲ್ಲೇ ಉತ್ತರಪತ್ರಿಕೆಗಳ ಅಂಚು ಸರಿಮಾಡತೊಡಗಿದರು.

"ಅಮೀನ್ ನಂಬರ್ ನನ್ನ ಹತ್ತಿರ ಉಂಟು. ಅವತ್ತು ಬಾಂಗ್ ಕೇಳಿತಾ, ಯಾವ ಕಡೆಯಿಂದ ಕೇಳಿತು ಅಂತ ಕೇಳ್ತೇನೆ. ಅವನು ಸುಳ್ಳು ಹೇಳುವ ಹುಡುಗ ಅಲ್ಲ. ಮಾಡ್ಲಾ?"

ಸಲಾಂ ಸರ್ ಮತ್ತೆ ಕುಳಿತರು. ಅಂಗಿಯ ಜೇಬಿನಿಂದ ಒಂದು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪ್ಯಾಂಟಿನ ಜೇಬಿನಿಂದ ಇನ್ನೊಂದು. ಹಳೆಯದು, ಒಂದು ಮೂಲೆಯ ಗಾಜು ಒಡೆದದ್ದು. ಈ ಊರಿನಲ್ಲಿ ಅರ್ಧಕ್ಕರ್ಧ ಗಂಡಸರ ಬಳಿ ಎರಡಿರುತ್ತವೆ. ಒಂದು ಆಫೀಸಿಗೆ, ಒಂದು ಊರಿಗೆ. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

"ಮರ್ತು ಹೋದದ್ದು," ಎಂದರು. "ಅಲ್ಲಾಹನಾಣೆ ಮರ್ತದ್ದು. ಇದು ಜಾಕೆಟ್ಟಲ್ಲಿತ್ತು. ಬಾಂಗ್ ಹೊಡ್ದಾಗಲೇ ನನಗೆ ನೆನಪಾದ್ದು. ಆಗ ಸಹಿ ಹಾಕಿ ಎರಡು ಗಂಟೆ ಆಗಿತ್ತು."

"ದೋಹಾಕ್ಕೆ ಬಂದ ಮೇಲೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಸುಳ್ಳು ಸಹಿ ಹಾಕಿದ ಮೇಷ್ಟ್ರು ಅಂತ ಮರುದಿನ ಊರಿಗೆ ಟಿಕೆಟ್ ಕೊಡ್ತಾರೆ. ವೀಸಾ ಇನ್‌ಸ್ಟಿಟ್ಯೂಟಿನದ್ದು ಮೇಡಂ. ಮೂರು ಮಕ್ಕಳು ಇಲ್ಲೇ ಶಾಲೆಗೆ ಹೋಗ್ತಾರೆ."

"ಅಶ್ರಫಾಕನಿಗೂ ಒಂದು ಮಗಳಿದ್ದಾಳೆ."

ಅವರು ಕಣ್ಣು ಮುಚ್ಚಿ ತೆರೆದರು. "ಫೋಟೋ ನಾನು ತೆಗೆದದ್ದಲ್ಲ."

"ನಿಮ್ಮ ಹತ್ತಿರ ಮೊಬೈಲ್ ಇತ್ತು. ಇಡೀ ಗುಂಪಿನಲ್ಲಿ ನಿಮ್ಮ ಹತ್ತಿರ ಮಾತ್ರ ಇತ್ತು."

"ಇತ್ತು," ಎಂದರು. "ಆದ್ರೆ ನಮಾಜಿಗೆ ನಿಲ್ಲುವವರೆಗೆ ಮಾತ್ರ."

ನಾನು ಪೆನ್ನು ಕೆಳಗಿಟ್ಟೆ.

"ನಮಾಜಿಗೆ ಎದ್ದಾಗ ಫಾಹಿಮಾ ಕೇಳಿದ್ಲು. ಅಫ್ರಾಗೆ ಹುಷಾರಿಲ್ಲ, ಬಾತ್‌ರೂಮ್ ಹತ್ತಿರ ಅಳ್ತ ಕೂತಿದ್ದಾಳೆ, ಉಮ್ಮನ ಹತ್ತಿರ ಒಮ್ಮೆ ಮಾತಾಡ್ಬೇಕಂತೆ, ಫೋನ್ ಕೊಡ್ತೀರಾ ಅಂತ. ದೂರದ ಊರು, ಹೆಣ್ಣು ಮಗು. ಕೊಟ್ಟುಬಿಟ್ಟೆ. ಇದಕ್ಕೆ ಲಾಕ್ ಕೂಡ ಇಲ್ಲ. ನಮಾಜ್ ಮುಗಿಸಿ, ಊಟ ಮಾಡಿ ಏಳುವಾಗ ಫೋನ್ ಮೇಜಿನ ಮೇಲೆ ವಾಪಸ್ ಬಂದಿತ್ತು. ಗಲಾಟೆ ಎದ್ದ ಮೇಲೆ ಹುಡುಕಿ ನೋಡಿದೆ. ಫೋಟೋ ಮಾಫಿ, ಒಂದೂ ಇಲ್ಲ. ಆದ್ರೆ ಇದು ನೋಡಿ."

ಕರೆಗಳ ಪಟ್ಟಿಯನ್ನು ಕೆಳಕ್ಕೆ ಕೆಳಕ್ಕೆ ಸರಿಸಿ ತೋರಿಸಿದರು. ಅದೇ ದಿನದ ಒಂದು ವಾಟ್ಸಾಪ್ ಕರೆ, ಎರಡು ನಿಮಿಷದ್ದು. ಝಾಹಿದಕ್ಕನ ನಂಬರಿಗೆ. ನಮ್ಮ ಗಂಟೆ ಹನ್ನೆರಡು ದಾಟಿ ಎರಡು ನಿಮಿಷ. ಅಂದರೆ ಟೋಕಿಯೋದಲ್ಲಿ ಸಂಜೆ ಆರು ದಾಟಿ ಎರಡು.

"ಆ ಹೊತ್ತಿಗೆ ನನ್ನ ಫೋನ್ ಅಫ್ರಾಳ ಕೈಯಲ್ಲಿತ್ತು ಮೇಡಂ. ಅದಕ್ಕೇ ನನಗೆ ಖಾತ್ರಿ. ಅವಳದ್ದೇ ಕೆಲಸ ಅಂತ ಗೊತ್ತಿದ್ದೂ, ಫೋನ್ ನನ್ನದು ಅಂತ ಹೇಳ್ಲಿಕ್ಕೆ ಆಗದೆ ಸುಮ್ನಿದ್ದೆ."

ಪೆನ್ನೆತ್ತಿ ಆ ಗಂಟೆ ಬರೆದುಕೊಂಡೆ.

ಮೊಬೈಲಿನ ಮಾತನ್ನು ಅಫ್ರಾ ಎತ್ತಲೇ ಇಲ್ಲ. ಭಾಷೆ ಬಾರದ ಅಜ್ಜಿ, ಬಿಸಿ ಪಟ್ಟಿ, ಚಿತ್ರ. ಐದು ಮೂವತ್ತೆಂಟರಿಂದ ಆರು ಹತ್ತು. ಅಷ್ಟು ಹೊತ್ತೂ ಪೆನ್ಸಿಲ್ ಹಿಡಿದಿದ್ದವಳು ಆರು ದಾಟಿ ಎರಡಕ್ಕೆ ಫೋನ್ ಹೇಗೆ ಹಿಡಿದಳು? ಚಿತ್ರದ ಕೆಳಗೆ ಗಂಟೆ ಬರೆಯಲು ಗಡಿಯಾರ ಬೇಕಿಲ್ಲ. ಆಮೇಲೆಯೂ ಬರೆಯಬಹುದು, ಇಲ್ಲಿಗೆ ಬಂದೂ ಬರೆಯಬಹುದು. ನಾಲ್ಕು ಜಪಾನಿ ಅಕ್ಷರಗಳನ್ನೂ ಯಾರಾದರೂ ಗೀಚಬಹುದು. ನಾನು ಅವಳ ಅಳುವಿಗೆ ಸೋತು ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ.

ಎದ್ದು ಕಿಟಕಿಯ ಬಳಿ ಹೋಗಿ ಝಾಹಿದಕ್ಕನಿಗೆ ಫೋನ್ ಮಾಡಿದೆ.

"ಝಾಹಿದಕ್ಕ, ಜಪಾನಿನಿಂದ ಒಂದು ದಿನ ಮಧ್ಯಾಹ್ನ ನಿಮಗೆ ಫೋನ್ ಬಂದಿತ್ತು. ಗೊತ್ತಿಲ್ಲದ ನಂಬರಿಂದ. ಅಫ್ರಾ ಎಂತ ಹೇಳಿದ್ಲು?"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಅವರು ನೆನಪಿಸಿಕೊಳ್ಳುತ್ತಿದ್ದಾರೋ, ಉತ್ತರ ಹುಡುಕುತ್ತಿದ್ದಾರೋ ತಿಳಿಯಲಿಲ್ಲ.

"ಬಂದಿತ್ತು," ಎಂದರು. "ಆದ್ರೆ ಅಫ್ರಾ ಮಾತಾಡಿದ್ದಲ್ಲ. ಫಾಹಿಮಾ."

"ಫಾಹಿಮಾ?"

"ಹೌದು. ಆಂಟಿ, ಅಫ್ರಾ ಸುಸ್ತಾಗಿ ಬಸ್ಸಲ್ಲಿ ಮಲಗಿದ್ದಾಳೆ, ಅವಳ ಫೋನ್ ಚಾರ್ಜ್ ಇಲ್ಲ, ನೀವು ಫೋನ್ ಮಾಡ್ಬೇಡಿ, ಎಬ್ಬಿಸ್ಬೇಡಿ ಅಂತ. ಅಷ್ಟೇ. ಅಫ್ರಾಗೆ ಕೊಡು ಅಂದೆ, ಕೊಡ್ಲಿಲ್ಲ. ಒಳ್ಳೇ ಹುಡುಗಿ, ಎಷ್ಟು ಜಾಗ್ರತೆ ನೋಡಿ ಅಂತ ಇವರ ಹತ್ರವೂ ಹೇಳಿದ್ದೆ."

ಆರು ದಾಟಿ ಎರಡಕ್ಕೆ ಬಸ್ಸು ಇನ್ನೂ ಬಂದಿರಲಿಲ್ಲ. 'ಬಸ್ ಬರುವವರೆಗೆ ನಾನು ಆ ರೂಮಿಂದ ಎದ್ದೇ ಇಲ್ಲ.' ಎರಡು ಗಂಟೆಯ ಹಿಂದೆ, ಬನ್ಸಿನ ತಟ್ಟೆ ತಂದಿಟ್ಟು ಹೇಳಿದ ಮಾತು. ಅಮೀನ್ ಮತ್ತು ಸರ್ ಗೋಡೆಯ ಕಡೆ ಮುಖ ಮಾಡಿ ನಮಾಜಿಗೆ ನಿಂತಿದ್ದರು. ಅವಳು ಫೋನ್ ಹಿಡಿದು ಎತ್ತ ಹೋದಳೆಂದು ಅವರು ಹೇಗೆ ನೋಡುತ್ತಾರೆ? ಅಫ್ರಾಳ ಕೈಗೆ ಆ ಫೋನು ಮುಟ್ಟಿಯೇ ಇರಲಿಲ್ಲ. ಅವಳ ಹೆಸರು ಮಾತ್ರ ಅದರ ಜೊತೆ ಮೂರನೆಯ ಮಹಡಿಗೆ ಹೋಗಿ ಬಂದಿತ್ತು.

"ಅಫ್ರಾಗೆ ಕೊಡಿ ಝಾಹಿದಕ್ಕ. ಬೇಗ."

"ಬಾತ್‌ರೂಮಲ್ಲಿದ್ದಾಳೆ. ನೀವು ಹೋದ ಮೇಲೆ ಸ್ವಲ್ಪ ನಗ್ತಾ ಇದ್ದಾಳೆ ನಿಶ್ಮಿತಾ, ನಿಮಗೆ ಪುಣ್ಯ ಬರ್ಲಿ. ನನ್ನ ಹತ್ರ ಎಲ್ಲಾ ಹೇಳಿದ್ಲು. ಇಬ್ಬರೂ ಹುಡುಗಿಯರು ಕೂತು ತುಂಬ ಹೊತ್ತು ಮಾತಾಡಿದ್ರು."

"ಫಾಹಿಮಾಗೂ ಹೇಳಿದ್ಲಾ? ಪುಸ್ತಕದ ವಿಷಯ?"

"ಅವಳಿಗೆ ಹೇಳದೆ ಮತ್ತೆ ಯಾರಿಗೆ? ನಾಳೆವರೆಗೆ ಯಾಕೆ ಕಾಯುದು, ಈಗಲೇ ಅಕ್ಕನಿಗೆ ಮುಟ್ಟಿಸ್ತೇನೆ ಅಂತ ಫಾಹಿಮಾನೇ ತೆಗೊಂಡು ಹೊರಟ್ಲು. ಟ್ಯಾಕ್ಸಿ ಹಿಡ್ದು ಅರ್ಧ ಗಂಟೆ ಮೇಲಾಯ್ತು. ನಿಮ್ಮ ಹತ್ರ ಇನ್ನೂ ಬರ್ಲಿಲ್ವಾ?"

ಬಿನ್ ಮಹಮೂದ್‌ನಿಂದ ಇಲ್ಲಿಗೆ ಹದಿನೈದು ನಿಮಿಷದ ದಾರಿ.

ಫೋನ್ ಕಿವಿಯಲ್ಲಿರುವಾಗಲೇ ಹಿಂದೆ ಬಾಗಿಲು ಬಡಿದ ಸದ್ದಾಯಿತು. ಸಲಾಂ ಸರ್ ತಲೆಯೆತ್ತಿದರು. ಬಾಗಿಲು ಅರ್ಧ ತೆರೆದು ಫಾಹಿಮಾ ಒಳಗೆ ಇಣುಕಿದಳು. ಓಡಿ ಮೆಟ್ಟಿಲು ಹತ್ತಿ ಬಂದವಳ ಉಸಿರು.

ಮೇಜಿನ ಮೇಲಿದ್ದ ಒಡೆದ ಗಾಜಿನ ಮೊಬೈಲು ಅವಳ ಕಣ್ಣಿಗೆ ಬಿತ್ತು. ಒಂದು ಕ್ಷಣ, ಅಷ್ಟೇ. ಮತ್ತೆ ನನ್ನ ಮುಖ ನೋಡಿ ನಕ್ಕಳು.

"ಅಕ್ಕಾ, ನೀವು ಇಲ್ಲೇ ಇದ್ದೀರಿ ಅಂತ ಗೊತ್ತಿತ್ತು. ಅಫ್ರಾ ಬಗ್ಗೆ ಎಂತಾದ್ರೂ ಆಯ್ತಾ ಅಂತ ಕೇಳ್ಲಿಕ್ಕೆ ಬಂದೆ."

ಎರಡೂ ಕೈ ಖಾಲಿಯಿದ್ದವು. ಹೆಗಲಲ್ಲಿ ಬ್ಯಾಗೂ ಇರಲಿಲ್ಲ. ಕಪ್ಪು ಅಬಾಯಾದ ಬಲತೋಳಿನ ಅಂಚಿಗೆ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಸ್ಪೈರಲ್‌ನಿಂದ ಕಾಗದ ಎಳೆದು ಹರಿದಾಗ ಉದುರುವ ಚೂರುಗಳು.

"ಬುಕ್ ಎಲ್ಲಿ ಫಾಹಿಮಾ?"

ಅವಳ ನಗು ಕದಲಲಿಲ್ಲ.

"ಯಾವ ಬುಕ್ ಅಕ್ಕಾ?"